ಪತಂಗದ ಹೂವಿನ ಊಟ-ವಸತಿ

ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಉಡುಗೊರೆಯಾಗಿ ಬಂದ ಫೆಲನಾಪ್ಸಿಸ್ ಆರ್ಕಿಡ್, ಹೂವಿರುವಷ್ಟು ದಿನ ಟಿ.ವಿ. ಪಕ್ಕದಲ್ಲಿ ರಾಜಮರ್ಯಾದೆಯಿಂದ ಇರುತ್ತದೆ. ಎರಡು ಮೂರು ತಿಂಗಳು ಕಳೆದು ಕೊನೆಯ ಹೂವೂ ಉದುರಿದ ಮೇಲೆ ಮನೆಯಲ್ಲಿ ಯಾರಿಗಾದರೂ ಕನಿಕರ ಹುಟ್ಟಿಯೇ ಹುಟ್ಟುತ್ತದೆ. ‘ಪಾಪ, ಕುಂಡದಲ್ಲಿ ಮಣ್ಣೇ ಇಲ್ಲ, ಬರೀ ಮರದ ಚಕ್ಕೆ ತುಂಬಿ ಮೋಸ ಮಾಡಿದ್ದಾರೆ’ ಎನ್ನುತ್ತಾ ಚಕ್ಕೆಯನ್ನೆಲ್ಲ ಕೊಡವಿ, ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ದೊಡ್ಡದೊಂದು ಕುಂಡದಲ್ಲಿ ನೆಟ್ಟು, ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತಾರೆ. ಗಿಡ ಕೆಲವೇ ವಾರಗಳಲ್ಲಿ ಕೈಲಾಸ ಸೇರುತ್ತದೆ. ‘ಆರ್ಕಿಡ್ ಬಲು ನಾಜೂಕು, ನಮ್ಮ ಕೈಗೆ ಬಗ್ಗೋದಲ್ಲ’ ಎಂಬ ಷರಾದೊಂದಿಗೆ ಕಡತ ಮುಚ್ಚುತ್ತದೆ.

ಗಿಡ ನಾಜೂಕೇನೂ ಅಲ್ಲ. ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಕಡೆಯ ಮಳೆಕಾಡಿನ ಮರಗಳಿಗೆ ಅಂಟಿಕೊಂಡು, ಗಾಳಿ ಮಳೆ ಎಲ್ಲ ಉಂಡೇ ಬದುಕುವ ಕುಲ ಇದು. ಜಾವಾದಲ್ಲಿ ಕೆಲಸ ಮಾಡಿದ ಸಸ್ಯವಿಜ್ಞಾನಿ ಕಾರ್ಲ್ ಬ್ಲೂಮ್ 1825ರಲ್ಲಿ ಇದಕ್ಕೆ ಹೆಸರಿಟ್ಟ. ದೂರದ ಮರದಲ್ಲಿ ತೂಗುತ್ತಿದ್ದ ಬಿಳಿ ಹೂಗಳು ಅವನ ಕಣ್ಣಿಗೆ ಪತಂಗದ ಹಿಂಡಿನಂತೆ ಕಂಡವು ಎಂಬ ಕಥೆಯೂ ಉಂಟು. ನಮ್ಮ ಪಶ್ಚಿಮಘಟ್ಟದಲ್ಲೂ ಇದರ ದಾಯಾದಿಗಳಿವೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ, ಸಸ್ಯವಿಜ್ಞಾನಿ ಸೆಸಿಲ್ ಸಲ್ಡಾನ 1974ರಲ್ಲಿ ಅದರಲ್ಲೊಂದನ್ನು ಫೆಲನಾಪ್ಸಿಸ್ ಮೈಸೊರೆನ್ಸಿಸ್ ಎಂದು ಮೈಸೂರಿನ ಹೆಸರಲ್ಲೇ ದಾಖಲಿಸಿದರು. ಪುಟ್ಟ ಬಿಳಿ ಹೂವಿನ ಈ ಗಿಡ ಅಂಗಡಿಯಲ್ಲಿ ಕಾಣಸಿಗದು, ಕಾಡಿನಿಂದ ಕಿತ್ತು ತರುವುದೂ ಸಲ್ಲದು. ಸೀತಾಳೆ ದಂಡೆಯನ್ನು ಮರದ ಮೇಲೆ ನೋಡಿಯೇ ಬೆಳೆದ ಮಲೆನಾಡಿನವರಿಗೆ ಆರ್ಕಿಡ್ಡನ್ನು ಮಣ್ಣಿಗಿಳಿಸುವ ಯೋಚನೆಯೇ ಬರುವುದಿಲ್ಲ. ಅಂಗಳದ ಹಲಸಿನ ಮರಕ್ಕೆ ನಾರಿನಲ್ಲಿ ಕಟ್ಟಿ ಮಳೆಗೆ ಬಿಟ್ಟುಬಿಡುತ್ತಾರೆ.

ನಂಬಿಕೆ ಬರದವರು ಪಾರದರ್ಶಕ ಪ್ಲಾಸ್ಟಿಕ್ ಕುಂಡವನ್ನು ಬೆಳಕಿಗೆ ಹಿಡಿದು ನೋಡಬೇಕು. ಪೆನ್ಸಿಲ್ ದಪ್ಪದ ಬೇರುಗಳು ಒಳಗೋಡೆಗೆ ಒತ್ತಿಕೊಂಡಿರುತ್ತವೆ. ಒಣಗಿದಾಗ ಅವುಗಳ ಬಣ್ಣ ಬೆಳ್ಳಿ. ಮೇಲೆ ಒಂದಿಷ್ಟು ನೀರು ಚಿಮುಕಿಸಿದರೆ ನೋಡನೋಡುತ್ತಿದ್ದಂತೆ ಹಸಿರಾಗುತ್ತವೆ. ಬೇರಿನ ಸುತ್ತ ಸತ್ತ ಜೀವಕೋಶಗಳದೊಂದು ಬಿಳಿ ಕವಚವಿದೆ. ಮಳೆ ಬಿದ್ದ ಕ್ಷಣದಲ್ಲಿ ನೀರನ್ನೂ ಅದರಲ್ಲಿ ಕರಗಿದ ಲವಣವನ್ನೂ ಹೀರಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಕವಚದ ಕೆಳಗಿರುವ ಹಸಿರು ಎಲೆಯ ಹಸಿರಿನಂತೆಯೇ ಬೆಳಕಿನಿಂದ ಆಹಾರ ತಯಾರಿಸಬಲ್ಲದು. ಬೇರು ಹಸಿಯಾಗುವುದಕ್ಕೆ ತಕರಾರಿಲ್ಲ. ಹಸಿಯಾದ ಮೇಲೆ ಗಾಳಿ ಮರಳಿ ಬರದಿದ್ದರೆ ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರನ್ನು ಬೆರಳಲ್ಲಿ ಹಿಡಿದೆಳೆದರೆ ತೊಗಲು ಕೈಗೆ ಬಂದು, ಒಳಗಿನ ದಾರದಂಥ ಎಳೆಯೊಂದೇ ಉಳಿಯುತ್ತದೆ.

ಹಾಗಾಗಿ ಕುಂಡಕ್ಕೆ ತುಂಬುವ ವಸ್ತು ಈ ಗಿಡಕ್ಕೆ ಊಟವಲ್ಲ, ವಸತಿ. ನೀರು ಹಾಕಿದ ಎಷ್ಟು ಹೊತ್ತಿಗೆ ಗಾಳಿ ಒಳಗೆ ಬರುತ್ತದೆ ಎಂಬುದೊಂದೇ ಅಲ್ಲಿ ನೋಡಬೇಕಾದ ಸೌಕರ್ಯ. ಊಟದ ವಿಚಾರ ಆಮೇಲೆ. ನಮ್ಮವರದು ತಿರುಗುಮುರುಗು: ಎಲೆ ಬಾಡಿತೆಂದರೆ ಗೊಬ್ಬರದಂಗಡಿಗೆ ಓಡುತ್ತಾರೆ, ಕುಂಡವನ್ನು ಮಗುಚಿ ನೋಡುವುದಿಲ್ಲ.

ಒಂದೊಂದು ಊರಿನವರು ತಮಗೆ ಸಿಕ್ಕಿದ್ದರಲ್ಲೇ ಈ ವಸತಿ ಕಟ್ಟಿದ್ದಾರೆ. ಪಶ್ಚಿಮ ದೇಶಗಳಲ್ಲಿ ಬಹುಕಾಲ ಆಸ್ಮಂಡಾ ಎಂಬ ಜರೀಗಿಡದ ಬೇರಿನ ನಾರು ನಡೆಯಿತು. ಅದು ತುಟ್ಟಿಯಾದ ಮೇಲೆ, ಕಳೆದ ಶತಮಾನದ ಮಧ್ಯದ ಹೊತ್ತಿಗೆ, ಮರದ ಮಿಲ್ಲುಗಳಲ್ಲಿ ಬಿದ್ದಿರುತ್ತಿದ್ದ ತೊಗಟೆಗೆ ಯೋಗ ಕೂಡಿಬಂತು. ಇಂದು ನ್ಯೂಜಿಲೆಂಡಿನ ಪೈನ್ ತೊಗಟೆಗೆ ಆರ್ಕಿಡ್ ಬೆಳೆಗಾರರಲ್ಲಿ ದೊಡ್ಡ ಹೆಸರು. ತೈವಾನಿನದು ಬೇರೆ ದಾರಿ. ಅಲ್ಲಿ ಸಕ್ಕರೆ ಉದ್ಯಮ ಕುಗ್ಗುತ್ತಾ ಬಂದಾಗ, 1980ರ ದಶಕದ ಕೊನೆಗೆ, ಸರ್ಕಾರಿ ಸಕ್ಕರೆ ಕಂಪನಿಯೇ ಫೆಲನಾಪ್ಸಿಸ್ ಬೆಳೆಯಲು ಕೈಹಾಕಿತು (ಮಂಡ್ಯದವರು ಇದನ್ನು ಬೇಕಾದರೆ ಇನ್ನೊಮ್ಮೆ ಓದಬಹುದು). ಅಲ್ಲಿನ ಬೆಳೆಗಾರರು ನೆಚ್ಚಿಕೊಂಡಿರುವುದು ಸ್ಫ್ಯಾಗ್ನಮ್ ಪಾಚಿಯನ್ನು, ಅಂಗಡಿಯವರು ‘ಮಾಸ್’ ಎನ್ನುವುದನ್ನು. ಒಣಪಾಚಿ ತನ್ನ ತೂಕದ ಇಪ್ಪತ್ತರಷ್ಟು ನೀರು ಹೀರಿಕೊಳ್ಳಬಲ್ಲದು. ಗಾಳಿ, ಶಾಖ, ನೀರು ಎಲ್ಲವೂ ಹತೋಟಿಯಲ್ಲಿರುವ ಗಾಜಿನ ಮನೆಗೆ ಅದು ಹೇಳಿ ಮಾಡಿಸಿದ್ದು. ಫ್ಲ್ಯಾಟಿನ ಹಾಲ್‌ಗೆ ಬಂದಾಗ ಅದೇ ಗುಣ ಮುಳುವಾಗುತ್ತದೆ. ಮೇಲಿನ ಪದರ ಗರಿಗರಿಯಾಗಿ ಒಣಗಿರುತ್ತದೆ, ಬೆರಳು ಇಳಿಸಿದರೆ ನಡುವಿನ ಉಂಡೆ ಇನ್ನೂ ಒದ್ದೆ. ಒಣಗಿದೆಯೆಂದು ಮತ್ತೆ ನೀರು ಬೀಳುತ್ತದೆ. ಅಂಗಡಿಯಿಂದ ತಂದ ಗಿಡದ ಹೂ ಮುಗಿದೊಡನೆ ಬುಡದ ನಡುವಿನ ಆ ಉಂಡೆಯನ್ನು ಬಿಡಿಸಿ ತೆಗೆಯುವುದು ಒಳ್ಳೆಯದು. ಪಾಚಿಯ ಪುಡಿಯಲ್ಲಿ ಚರ್ಮಕ್ಕೆ ಸೋಂಕು ತರುವ ಶಿಲೀಂಧ್ರವೊಂದು ಇರುವ ಸಾಧ್ಯತೆಯುಂಟು. ಕೈಗೆ ಗಾಯವಿದ್ದವರು ಗ್ಲೌಸ್ ಹಾಕಿಕೊಳ್ಳಲಿ.

ನಮ್ಮಲ್ಲಿ ಇದ್ದಿಲು, ಇಟ್ಟಿಗೆ ಚೂರು, ಒಡೆದ ಮಂಗಳೂರು ಹಂಚು ಹಿಂದಿನಿಂದಲೂ ಇವೆ. ಕೊಳೆಯುವ ಮಾತೇ ಇಲ್ಲ, ಖರ್ಚೂ ಇಲ್ಲ. ಆದರೆ ಫೆಲನಾಪ್ಸಿಸ್‌ಗೆ ನೀರು ಕೂಡಿಡಲು ಗಡ್ಡೆಯಂಥ ಕಾಂಡವಿಲ್ಲ, ಇರುವುದು ದಪ್ಪ ಎಲೆ ಮತ್ತು ಬೇರು ಮಾತ್ರ. ಬರೀ ಇದ್ದಿಲಿನಲ್ಲಿ ನೆಟ್ಟು ಮಾರ್ಚ್‌ನ ಬಿಸಿಲಲ್ಲಿ ವಾರಗಟ್ಟಲೆ ಮರೆತರೆ ಎಲೆ ಜೋತುಬೀಳುತ್ತದೆ. ತೆಂಗಿನ ಸಿಪ್ಪೆಯ ತುಂಡುಗಳೂ ಆಗುತ್ತವೆ, ಒಂದು ಷರತ್ತಿನ ಮೇಲೆ. ಸಿಪ್ಪೆಯಲ್ಲಿ ಪೊಟ್ಯಾಸಿಯಮ್, ಸೋಡಿಯಮ್ ಲವಣಗಳು ತುಂಬಿರುವುದರಿಂದ ಕೆಲವು ದಿನ ನೆನೆಹಾಕಿ, ಟೀ ಬಣ್ಣದ ನೀರನ್ನು ಮತ್ತೆ ಮತ್ತೆ ಚೆಲ್ಲಿ, ನೀರು ತಿಳಿಯಾದ ಮೇಲೆಯೇ ಬಳಸಬೇಕು. ಕೋಕೋಪೀಟ್ ಪುಡಿ ಮಾತ್ರ ಬೇಡವೇ ಬೇಡ. ಅದು ಕುಂಡದಲ್ಲಿ ಕೆಸರಾಗಿ ಕೂರುತ್ತದೆ.

ಯಾವುದು ಒಳ್ಳೆಯದು ಎಂದು ಕೇಳುವವರಿಗೆ ಮರುಪ್ರಶ್ನೆ ಹಾಕಬೇಕಾಗುತ್ತದೆ: ಮನೆಯಲ್ಲಿ ನೀರು ಹಾಕುವವರು ಯಾರು? ದಿನಾ ಒಮ್ಮೆ ಗಿಡ ಮುಟ್ಟದಿದ್ದರೆ ಸಮಾಧಾನವಾಗದ ಕೈಯಾದರೆ ಬೆರಳ ತುದಿಯಷ್ಟು ದಪ್ಪನೆಯ ತೊಗಟೆ, ಅದಕ್ಕೊಂದಿಷ್ಟು ಇದ್ದಿಲು. ಶನಿವಾರ ಬಂದಾಗಷ್ಟೇ ಗಿಡದ ನೆನಪಾಗುವವರಾದರೆ ಅದಕ್ಕೇ ಒಂದು ಹಿಡಿ ಪಾಚಿ ಸೇರಿಸಿಕೊಳ್ಳಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಕರಾವಳಿಯಲ್ಲಿ ಪಾಚಿ ಇಲ್ಲದಿರುವುದೇ ಕ್ಷೇಮ. ತೊಗಟೆಯಾದರೂ ಶಾಶ್ವತವಲ್ಲ. ಎರಡು ವರ್ಷದ ಆಚೀಚೆ ಮೆತ್ತಗಾಗುತ್ತದೆ. ಚಕ್ಕೆಯೊಂದನ್ನು ಹೆಬ್ಬೆರಳಲ್ಲಿ ಒತ್ತಿದಾಗ ಪುಡಿಯಾದರೆ, ಮೂಸಿದಾಗ ಹುಳಿ ವಾಸನೆ ಬಂದರೆ, ಬದಲಾಯಿಸುವ ಕಾಲ ಬಂತು. ಹೊಸ ಕುಂಡ ಬೇರು ಹಿಡಿಯುವಷ್ಟಿದ್ದರೆ ಸಾಕು.

ಊಟದ ಲೆಕ್ಕ ಶುರುವಾಗುವುದು ಇಲ್ಲಿಂದ, ಅದೂ ವಸತಿಗೆ ತಕ್ಕಂತೆ. ತೊಗಟೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ನಾವು ಹಾಕಿದ್ದರಲ್ಲಿ ಅವು ಪಾಲು ತೆಗೆದುಕೊಂಡು ಮಿಕ್ಕಿದ್ದನ್ನು ಗಿಡಕ್ಕೆ ಬಿಡುತ್ತವೆ. ತೊಗಟೆಯ ಜೊತೆಗೇ 30:10:10ರಂಥ ಸಾರಜನಕ ಹೆಚ್ಚಿರುವ ಗೊಬ್ಬರದ ಸಲಹೆ ಬಂದದ್ದು ಅದಕ್ಕೇ. ಇದ್ದಿಲು, ಹಂಚಿನಲ್ಲಿ ಹೀಗೆ ಪಾಲು ಕೇಳುವವರಿಲ್ಲ. ಬದಲಿಗೆ ಅವು ಲವಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ತೊಗಟೆಗೆ ಹಾಕಿದಷ್ಟೇ ಅಲ್ಲಿಯೂ ಹಾಕುತ್ತಾ ಹೋದರೆ ಚೂರುಗಳ ಮೇಲೆ ಬಿಳಿ ಪೊರೆ ಕಟ್ಟಿ, ಬೇರಿನ ತುದಿ ಸುಟ್ಟು ಕಪ್ಪಾಗುತ್ತದೆ.

ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಹೆಸರಿನಲ್ಲೇ ಆರ್ಕಿಡ್ ಲೋಕದಲ್ಲೊಂದು ಗೊಬ್ಬರ ಪ್ರಸಿದ್ಧ. ಲವಣವಿಲ್ಲದ ಶುದ್ಧ ನೀರಿಗೆ 13:3:15, ಬಾವಿಯ ಗಡಸು ನೀರಿಗೆ 19:4:23. ನಡುವಿನ ಅಂಕಿ, ಅಂದರೆ ರಂಜಕ, ಎಷ್ಟು ಸಣ್ಣದೆಂಬುದನ್ನು ನೋಡಬೇಕು. ಸಾರಜನಕದ ಬಹುಪಾಲು ನೈಟ್ರೇಟ್ ರೂಪದಲ್ಲಿದೆ. ನಮ್ಮ ಗೊಬ್ಬರದಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಡ್ರಿಪ್‌ನಲ್ಲಿ ಬಿಡುವ 19:19:19. ಅದರ ಸಾರಜನಕದಲ್ಲಿ ಅರ್ಧಕ್ಕೂ ಹೆಚ್ಚು ಯೂರಿಯಾ. ಮಣ್ಣಿನ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಬೇಗ ಒಡೆದು ಬೇರಿಗೆ ಒದಗಿಸುತ್ತವೆ. ಮಣ್ಣಿಲ್ಲದ ಕುಂಡದಲ್ಲಿ ಆ ಕೆಲಸ ನಿಧಾನ. ಒಂದು ನೀರಿಗೆ 19:19:19, ಇನ್ನೊಂದು ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ ಎಂದು ಸರದಿ ಇಟ್ಟುಕೊಂಡರೆ ಈ ಕೊರತೆ ತಕ್ಕಮಟ್ಟಿಗೆ ತುಂಬುತ್ತದೆ. ಎರಡನ್ನೂ ಒಟ್ಟಿಗೆ ಕಲಸಬಾರದು. ಕ್ಯಾಲ್ಸಿಯಂ ಮತ್ತು ರಂಜಕ ಸೇರಿದರೆ ತಳದಲ್ಲಿ ಸುಣ್ಣದಂಥ ಗಷ್ಟು ಕೂರುತ್ತದೆ.

ಪ್ರಮಾಣ ಕೇಳಿದರೆ ದ್ರಾಕ್ಷಿ ತೋಟದವರು ನಕ್ಕಾರು. ಲೀಟರಿಗೆ ಅರ್ಧ ಗ್ರಾಂ, ಅಂದರೆ ಹತ್ತು ಲೀಟರ್ ಬಕೆಟ್ಟಿಗೆ ಒಂದು ಟೀ ಚಮಚ. ಅಷ್ಟರಲ್ಲೇ ಲೀಟರಿಗೆ 95 ಮಿಲಿಗ್ರಾಂ ಸಾರಜನಕ ಸಿಕ್ಕಿತು, ಬೆಳೆಯುವ ಗಿಡಕ್ಕೆ ಅದು ಧಾರಾಳ. ಬೇರು ಪೂರ್ತಿ ಒಣಗಿದ್ದಾಗ ಮೊದಲು ಬರೀ ನೀರು, ಆಮೇಲೆ ಗೊಬ್ಬರ. ತಿಂಗಳಿಗೊಮ್ಮೆ ಬರೀ ನೀರನ್ನು ಧಾರಾಳವಾಗಿ ಸುರಿದು ಕುಂಡ ತೊಳೆಯಬೇಕು. ಕಾವೇರಿ ನೀರಾದರೆ ಚಿಂತೆಯಿಲ್ಲ. ನಲ್ಲಿ ಬಾಯಿಗೆ ಬಿಳಿ ಹಕ್ಕಳೆ ಕಟ್ಟಿಸುವ ಬೋರ್‌ವೆಲ್ ನೀರು ಕುಂಡದಲ್ಲೂ ಅದನ್ನೇ ಮಾಡುತ್ತದೆ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹಾಕುವವರಿದ್ದಾರೆ. ಯಂತ್ರ ಬೇಡವೆಂದು ಬಿಟ್ಟ ಲವಣವೆಲ್ಲ ಇರುವುದು ಅದರಲ್ಲೇ, ನೆಲ ಒರೆಸಲಿಕ್ಕೆ ಅಡ್ಡಿಯಿಲ್ಲ.

‘ಅಕ್ಕಿ ತೊಳೆದ ನೀರು ಹಾಕಮ್ಮ, ನನ್ನ ದಾಸವಾಳ ಹೇಗೆ ಬಿಟ್ಟಿದೆ ನೋಡು’ ಎಂದು ಅತ್ತೆ ಹೇಳದ ಮನೆ ಕಡಿಮೆ. ದಾಸವಾಳದ ಮಟ್ಟಿಗೆ ಅವರ ಮಾತು ಸರಿಯೇ. ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆಯ ಓಡು, ಹಿಂಡಿ ನೆನೆಸಿದ ನೀರು, ಜೀವಾಮೃತ ಎಲ್ಲವೂ ಮಣ್ಣಿನ ಜೀವಿಗಳ ಕೈದಾಟಿಯೇ ಗಿಡ ಮುಟ್ಟುವಂಥವು. ತೊಗಟೆಯ ಕುಂಡದಲ್ಲಿ ಗಂಜಿಯಂಶ ತಂಗಳಾಗಿ ನಾರುತ್ತದೆ, ಚಕ್ಕೆ ಬೇಗ ಕೊಳೆಯುತ್ತದೆ, ಕಪ್ಪು ಸಣ್ಣ ನೊಣಗಳು ಮನೆಮಾಡುತ್ತವೆ. ಸೊಸೆ ಅದನ್ನು ವಾದಿಸಿ ಗೆಲ್ಲಬೇಕಿಲ್ಲ. ‘ಆಗಲಿ ಅತ್ತೆ’ ಎಂದು ಅಕ್ಕಿ ನೀರನ್ನು ಕರಿಬೇವಿನ ಬುಡಕ್ಕೆ ಸುರಿದರೆ ಇಬ್ಬರಿಗೂ ಕ್ಷೇಮ, ಕರಿಬೇವಿಗೂ.

ಇನ್ನು ‘ಹೂ ಬರಿಸುವ’ ಗೊಬ್ಬರ. ರಂಜಕ ಜಾಸ್ತಿ ತುಂಬಿದ ಸಣ್ಣ ಡಬ್ಬಿಗೆ ದೊಡ್ಡ ಬೆಲೆ. ಫೆಲನಾಪ್ಸಿಸ್ ಹೂದಂಡೆ ಬಿಡುವುದು ತಂಪಿಗೆ. ಹಾಲೆಂಡಿನ ಗಾಜಿನಮನೆಗಳಲ್ಲಿ ಗಿಡಗಳನ್ನು 28 ಡಿಗ್ರಿಯ ಆಸುಪಾಸಿನಲ್ಲಿಟ್ಟು ಹೂವನ್ನು ತಡೆಯುತ್ತಾರೆ. ಬೇಕೆಂದಾಗ 20ರ ಹತ್ತಿರಕ್ಕೆ ಇಳಿಸಿ ದಂಡೆ ಹೊರಡಿಸುತ್ತಾರೆ. ಬೆಂಗಳೂರಿನ ಡಿಸೆಂಬರ್ ಈ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ, ಇರುಳಿಗೆ 15, 16 ಡಿಗ್ರಿ. ಬಾಲ್ಕನಿಯಲ್ಲಿ ನೆರಳಿಗಿಟ್ಟ ಆರೋಗ್ಯದ ಗಿಡ ಎಲೆಯ ಕಂಕುಳಿನಿಂದ ದಂಡೆಯನ್ನು ತಾನಾಗಿಯೇ ಹೊರಚಾಚುತ್ತದೆ. ಅದೇ ತಿಂಗಳಲ್ಲಿ ಗೊಬ್ಬರದ ಡಬ್ಬಿ ತಂದವರು ಕೀರ್ತಿಯನ್ನೆಲ್ಲ ಡಬ್ಬಿಗೆ ಕೊಡುತ್ತಾರೆ. ಮಂಗಳೂರಿನಲ್ಲಿ ಜನವರಿಯ ಹಗಲೂ 32ರ ಸುತ್ತ ಇರುವುದರಿಂದ ಎಲೆಯ ಮೇಲೆ ಎಲೆ ಬರುತ್ತದೆ, ಹೂವಿಗೆ ಮಾತ್ರ ಮುಹೂರ್ತ ಕೂಡಿಬರುವುದು ಅಪರೂಪ. ಅಲ್ಲಿನವರು ಡಬ್ಬಿಯ ದುಡ್ಡು ಉಳಿಸಿ, ಚಿಕ್ಕಮಗಳೂರಿನಲ್ಲೋ ಮಡಿಕೇರಿಯಲ್ಲೋ ನೆಂಟರಿದ್ದರೆ ಗಿಡವನ್ನು ತಿಂಗಳೊಪ್ಪತ್ತು ಅವರಲ್ಲಿ ಬಿಟ್ಟು ಬರಬಹುದು. ಹೋಗುವಾಗ ನೀರು ಹಾಕುವ ಕ್ರಮ ಚೀಟಿಯಲ್ಲಿ ಬರೆದುಕೊಡಬೇಕು, ಇಲ್ಲದಿದ್ದರೆ ಆ ಮನೆಯಲ್ಲೂ ಯಾರಿಗಾದರೂ ಕನಿಕರ ಹುಟ್ಟಿಬಿಡುತ್ತದೆ.