ಫ್ಯಾನಿನ ಬುಡದಲ್ಲಿ ಸೆಕೆ

ಚಿತ್ರದುರ್ಗದಿಂದ ಹಿರಿಯೂರಿಗೆ ಹೊರಡಿ, ಹೊಸದುರ್ಗಕ್ಕೆ ಹೊರಡಿ, ಹೊಳಲ್ಕೆರೆಗೇ ಹೊರಡಿ, ಒಂದಲ್ಲ ಒಂದು ಕಡೆ ಗುಡ್ಡದ ಸಾಲು ಜೊತೆಗೆ ಬರುತ್ತದೆ. ಅದರ ನೆತ್ತಿಯ ಮೇಲೆ ಬಿಳಿ ಫ್ಯಾನುಗಳು. ಪವನ ವಿದ್ಯುತ್ ಘಟಕ ಎಂದು ಯಾರೂ ಬಾಯಿ ನೋಯಿಸಿಕೊಳ್ಳುವುದಿಲ್ಲ, ನಮ್ಮ ಕಡೆ ಅದು ಫ್ಯಾನು. ಹೆದ್ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಆ ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ ಫ್ಯಾನಿನ ಬುಡಕ್ಕೆ ಒಂದು ಹಟ್ಟಿ ಸಿಕ್ಕರೂ ಸಿಕ್ಕೀತು. ಯಾರು ನೋಡುತ್ತಾರೆ?

ಅಂಥದೊಂದು ಹಟ್ಟಿಯ ಮಕ್ಕಳಿಗೆ ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿದವನು. ಊರಿನ ಹೆಸರು ಬೇಡ. ಹೇಳಿದರೆ ಅದೊಂದೇ ಊರಿನ ಕಷ್ಟ ಎಂದು ನೀವು ನೆಮ್ಮದಿಯಾಗಿ ಕೂತುಬಿಡುತ್ತೀರಿ. ಕಾಡುಗೊಲ್ಲರ ಮನೆಗಳು, ಸುತ್ತ ಕಾರೆಮುಳ್ಳಿನ ಬೇಲಿ, ಮನೆಯ ಮಗ್ಗುಲಲ್ಲೇ ಕುರಿರೊಪ್ಪ. ಜುಂಜಪ್ಪ, ಎತ್ತಪ್ಪನ ಹೆಸರು ಹೇಳಿ ಆಣೆ ಇಟ್ಟರೆ ಅಲ್ಲಿಗೆ ವ್ಯಾಜ್ಯ ಮುಗಿಯಿತು. ಹೊಲ ಅಂದರೆ ಗುಡ್ಡದ ಇಳಿಜಾರಿನ ಕಲ್ಲುಭೂಮಿ. ಸಾವೆ, ರಾಗಿ, ಹುರುಳಿ ಬೆಳೆದರೆ ಆ ವರ್ಷ ಚೆನ್ನಾಗಿತ್ತು ಎಂದು ಲೆಕ್ಕ.

ಈ ಗುಡ್ಡಗಳಿಗೆ ಗಾಳಿಯೊಂದನ್ನು ದೇವರು ಧಾರಾಳವಾಗಿ ಕೊಟ್ಟಿದ್ದಾನೆ. ಆಷಾಢದಲ್ಲಿ ಪಡುವಣದಿಂದ ಬರುವ ಗಾಳಿ ತನ್ನ ಮಳೆಯನ್ನೆಲ್ಲ ಮಲೆನಾಡಿಗೆ ಕೊಟ್ಟು, ನಮ್ಮಲ್ಲಿಗೆ ಬರಿಗೈಯಲ್ಲಿ ಬರುತ್ತದೆ. ನಮಗೇನಾದರೂ ಮಳೆ ಬಂದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ವರ್ಷವಿಡೀ ಸೇರಿಸಿದರೂ ಜಿಲ್ಲೆಗೆ 600 ಮಿಲಿಮೀಟರಿನ ಆಸುಪಾಸು. ಹಾಗಾಗಿ ಆಷಾಢದ ಗಾಳಿಗೆ ಹಿಂದೆ ಯಾವ ಬೆಲೆಯೂ ಇರಲಿಲ್ಲ, ಕುರಿ ಕಾಯುವವರು ಕಂಬಳಿ ಹೊದ್ದು ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಆ ಗಾಳಿಯಲ್ಲಿ ದುಡ್ಡಿದೆ ಎಂದು ಕಂಡುಹಿಡಿದವರು ಹೊರಗಿನವರು. "ಮಳೆ ತರದ ಗಾಳಿ ದುಡ್ಡು ತಂತು ಕಣ್ ಮೇಷ್ಟ್ರೇ, ನಮ್ಮನೆಗಲ್ಲ ಅಷ್ಟೆ" ಎಂದು ಹಟ್ಟಿಯ ಅಜ್ಜನೊಬ್ಬ ನಕ್ಕಿದ್ದ. ನಕ್ಕಾಗ ಅವನ ಹಲ್ಲು ಕಂಡವು. ಆ ಹಲ್ಲಿನ ವಿಷಯ ಆಮೇಲೆ.

ಫ್ಯಾನು ಮಾಡಿದ ಕರೆಂಟು ಅದರ ಕಾಲಬುಡದ ಟ್ರಾನ್ಸ್‌ಫಾರ್ಮರಿನಲ್ಲಿ 33 ಸಾವಿರ ವೋಲ್ಟಿಗೆ ಏರಿ, ಗುಡ್ಡ ಇಳಿದು ಸಬ್‌ಸ್ಟೇಷನ್ನಿಗೆ ಹೋಗುತ್ತದೆ. ಹಟ್ಟಿಯ ಮನೆಗೆ ಬರುವ ತಂತಿ ಬೇರೆ, ಅದು ಬರುವ ದಾರಿ ಬೇರೆ. ಎರಡೂ ಒಂದೇ ಬೇವಿನಮರದ ಮೇಲೆ ಹಾಯ್ದರೂ ಒಂದಕ್ಕೊಂದು ನೆಂಟಸ್ತಿಕೆ ಇಲ್ಲ. ಇನ್ನೊಂದು ತಮಾಷೆ ಕೇಳಿ. ಫ್ಯಾನು ಭರ್ತಿ ದುಡಿಯುವುದು ಮುಂಗಾರಿನ ಗಾಳಿಯಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ಬೋರಿನ ಮೋಟರಿಗೆ ಕರೆಂಟು ಬೇಕೇಬೇಕು ಎನ್ನುವ ಹೊತ್ತಿಗೆ ಅದು ಕೈಕಟ್ಟಿ ನಿಂತಿರುತ್ತದೆ. ಮನೆಯೊಳಗಿನ ಫ್ಯಾನೂ ನಿಂತಿರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಗಾದೆ ಕಟ್ಟಿದವರು ಈಗಿದ್ದಿದ್ದರೆ ಅದಕ್ಕೆ ಸೆಕೆಯನ್ನೂ ಸೇರಿಸುತ್ತಿದ್ದರು.

ಇನ್ನು ಹಲ್ಲಿನ ವಿಷಯ. ಬೋರು 800 ಅಡಿ, 1,000 ಅಡಿ ಇಳಿದ ಕಡೆ ನೀರಿನ ಜೊತೆ ಫ್ಲೋರೈಡೂ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ದಾಟಿದ ನೀರನ್ನು ಹುಟ್ಟಿನಿಂದ ಕುಡಿದವರ ಹಲ್ಲಿನಲ್ಲಿ ಕಂದು ಪಟ್ಟೆಗಳಿರುತ್ತವೆ. ವಯಸ್ಸಾಗುತ್ತ ಮಂಡಿ ಹಿಡಿದುಕೊಳ್ಳುತ್ತದೆ, ಸೊಂಟ ಬಗ್ಗುವುದಿಲ್ಲ. ನನ್ನ ತರಗತಿಯ ಹುಡುಗಿಯರು ಬಾಯಿಗೆ ಸೆರಗೋ ವೇಲೋ ಅಡ್ಡ ಹಿಡಿದು ನಗುತ್ತಿದ್ದರು. ನಾಚಿಕೆ ಅಂದುಕೊಂಡವರೇ ಹೆಚ್ಚು.

ಇದಕ್ಕೆ ಸರ್ಕಾರದ ಮದ್ದು ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ಬಿಲ್ಲೆ ಹಾಕಿದರೆ ಒಂದು ಕ್ಯಾನು, ಅಂದರೆ 20 ಲೀಟರ್ ನೀರು. ಹಟ್ಟಿಯಲ್ಲಿ ಘಟಕ ಇಲ್ಲ, ಕೆಳಗಿನ ಊರಿನಲ್ಲಿದೆ. ಟಿವಿಎಸ್ ಗಾಡಿ ಇದ್ದವರು ಸೀಟಿನ ಹಿಂದೆ ಒಂದು, ಕಾಲಿನ ಹತ್ತಿರ ಒಂದು ಕ್ಯಾನು ಇಟ್ಟುಕೊಂಡು ಗುಡ್ಡ ಹತ್ತುತ್ತಾರೆ. ಗಾಡಿ ಇಲ್ಲದ ಮುದುಕಿ, "ಆ ನೀರು ಸಪ್ಪೆ, ನಮ್ಮ ಬೋರಿನ ನೀರೇ ರುಚಿ" ಎನ್ನುತ್ತಾಳೆ. ರುಚಿಯ ಮಾತಲ್ಲ ಅದು. ಇಪ್ಪತ್ತು ಲೀಟರು ಹೊತ್ತು ಏರುವ ಮಂಡಿ ಅವಳಿಗಿಲ್ಲ, ಮಂಡಿ ಹೋದದ್ದೇ ಆ ಬೋರಿನ ನೀರಿನಿಂದ.

ನೀರೇ ಇಲ್ಲದ ಸೀಮೆಯೇನಲ್ಲ ಇದು. ಹಟ್ಟಿಯ ಮೇಲಿನ ಬಂಡೆ ಹತ್ತಿದರೆ ದೂರದಲ್ಲಿ ಮಾರಿಕಣಿವೆ ಮಿನುಗುತ್ತದೆ. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿ, 1907ರಲ್ಲಿ ಮುಗಿಸಿದ ಅಣೆಕಟ್ಟು. ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ಜನ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಕೊಂಡು ಜಾತ್ರೆಯ ಹಾಗೆ ಹೋದರು, ನಾನೂ ಹೋದೆ. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಹಿರಿಯೂರಿನವರು ಬಾಗಿನ ಬಿಡುವಾಗ, ಹಿನ್ನೀರಿನ ಹೊಸದುರ್ಗದ ರೈತರು ಮುಳುಗಿದ ತೆಂಗಿನತೋಟ ನೋಡುತ್ತ ಕೂತಿದ್ದರು. ಒಂದೇ ನೀರಿಗೆ ಎರಡು ಪ್ರಾರ್ಥನೆ. ಗುಡ್ಡದ ಹಟ್ಟಿ ಎರಡು ಗುಂಪಿಗೂ ಸೇರದು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಎಂದು ಓದಿದ ದಿನ ಅಜ್ಜ ಕೇಳಿದ್ದು ಒಂದೇ: "ಕಾಲುವೆ ಗುಡ್ಡ ಹತ್ತುತ್ತಾ?"

ಇಷ್ಟು ಹೇಳಿ ಹಟ್ಟಿಯವರನ್ನು ಮುಗ್ಧರ ಸಾಲಿಗೆ ಸೇರಿಸಿಬಿಟ್ಟರೆ ಸುಳ್ಳಾಗುತ್ತದೆ. ಮುಟ್ಟಾದ ಹೆಂಗಸರನ್ನು, ಬಾಣಂತಿಯರನ್ನು ಹಟ್ಟಿಯಾಚೆ ಇಡುವ ಪದ್ಧತಿ ಗೊಲ್ಲರಹಟ್ಟಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ನಾನು ನೋಡಿದ ಗುಡಿಸಲು ತೆಂಗಿನ ಗರಿಯದು. ಒಳಗೆ ನಿಲ್ಲಲಾಗುವುದಿಲ್ಲ, ಮಲಗಿದರೆ ಕಾಲು ಹೊರಗೆ. ಮೂಲೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಮಗುವಿನ ಬಟ್ಟೆ. ಅಮಾನವೀಯ ಪದ್ಧತಿಗಳ ವಿರುದ್ಧ 2017ರಲ್ಲಿ ಕಾಯ್ದೆ ಬಂತು. ಕೃಷ್ಣ ಕುಟೀರ ಎಂದು ಕೆಲವು ಹಟ್ಟಿಗಳ ಹೊರಗೆ ಸರ್ಕಾರವೇ ಕಟ್ಟಡ ಕಟ್ಟಿಸಿತು. ಹೊರಗಿಡುವುದನ್ನು ಬಿಡಿಸಬೇಕಾದವರು ಹೊರಗೇ ಆರ್‌ಸಿಸಿ ಹಾಕಿಸಿದರೆ ಏನನ್ನುವುದು! 2023ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಹೊರಗಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಾಗ ನಾಲ್ಕು ದಿನ ಎಲ್ಲರೂ ಮಾತಾಡಿದರು. ದೇವರ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಗಂಡಸರಿಗೆ ನಾನು ಹೇಳುವುದಿಷ್ಟೆ: ಜುಂಜಪ್ಪ ಕುರಿಮರಿಯನ್ನೂ ಮಳೆಯಲ್ಲಿ ಬಿಟ್ಟವನಲ್ಲ.

ಆದರೂ ಬದಲಾವಣೆ ಕಂಡಿದ್ದೇನೆ. ಅದು ಭಾಷಣದಿಂದ ಬಂದದ್ದಲ್ಲ. ಹತ್ತನೇ ಕ್ಲಾಸು ದಾಟಿದ ಸೊಸೆ ಬಂದ ಮನೆಯಲ್ಲಿ ಬಾಣಂತಿ ಒಳಗೇ ಮಲಗಿದಳು. ಅತ್ತೆ ಗೊಣಗಿದಳು, ಪೂಜಾರಿ ಮುಖ ತಿರುಗಿಸಿದ, ಕುರಿ ಎಂದಿನಂತೆ ಮರಿ ಹಾಕಿತು. ಹಾಗಾಗಿ ನನಗೆ ಹಟ್ಟಿಯ ಹುಡುಗಿಯರು ಹೈಸ್ಕೂಲು ಮುಗಿಸುವುದು ಬೇರೆಲ್ಲಕ್ಕಿಂತ ದೊಡ್ಡ ವಿಷಯ. ಅಲ್ಲೇ ತೊಡಕು. ಹಟ್ಟಿಯಲ್ಲಿ ಐದನೇ ಕ್ಲಾಸಿನವರೆಗೆ ಶಾಲೆ. ಮುಂದಕ್ಕೆ ಗುಡ್ಡ ಇಳಿಯಬೇಕು, ಸಂಜೆ ಹತ್ತಬೇಕು. ಹುಡುಗರು ಯಾರದೋ ಗಾಡಿಗೆ ಕೈ ಅಡ್ಡ ಹಾಕಿ ಹೋಗುತ್ತಾರೆ. ಹುಡುಗಿಯರನ್ನು ಒಂದು ಮಳೆಗಾಲದ ಕತ್ತಲೆ ನೋಡಿ ಅಪ್ಪ ಬಿಡಿಸುತ್ತಾನೆ. ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮೇಲೆ ಕೆಂಪು ಗೆರೆ ಎಳೆದ ಕೈ ನನ್ನದು.

2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ. ಒಳ್ಳೆಯದೇ ಆಯಿತು. ನಮ್ಮ ಹಟ್ಟಿಯ ಹುಡುಗಿಯರ ಹತ್ತಿರ ಆಧಾರ್ ಕಾರ್ಡೂ ಇದೆ, ಬಸ್ಸೊಂದೇ ಇಲ್ಲ. ಇದನ್ನು ಕೇಳಲು ಹೋದಾಗ ಕಚೇರಿಯೊಂದರಲ್ಲಿ ಒಬ್ಬರು "ಗುಡ್ಡದ ರಸ್ತೆ, ಬಸ್ಸು ತಿರುಗಲ್ಲ ಮೇಷ್ಟ್ರೇ" ಎಂದರು. ರಸ್ತೆ ಹೇಗಿದೆ ಎಂದು ಅವರು ನೋಡಿಲ್ಲ. ಫ್ಯಾನು ಸಾಗಿಸಲೆಂದು ಕಂಪನಿಯವರು ಗುಡ್ಡ ಕಡಿದು, ತಿರುವುಗಳನ್ನೆಲ್ಲ ಅಗಲ ಮಾಡಿ, ಹಟ್ಟಿಯ ಬೇಲಿ ಪಕ್ಕದಲ್ಲೇ ಹಾಕಿಸಿದ ರಸ್ತೆ ಅದು. 40 ಮೀಟರಿಗೂ ಉದ್ದದ ಒಂದೊಂದು ರೆಕ್ಕೆ ಲಾರಿಯ ಮೇಲೆ ಮಲಗಿ ಆ ತಿರುವುಗಳಲ್ಲಿ ತಿರುಗಿ ಮೇಲೆ ಹೋಗಿದೆ.

ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಐದಕ್ಕೊಂದು ಬಸ್ಸು ಬಿಡಿ, ಸ್ವಾಮಿ.