ಕೃಷ್ಣೆಯನ್ನು ದಾಟಿದ ಐದು ಮೀನುಗಳು

ಅಥಣಿಯಲ್ಲಿದ್ದ ನಮ್ಮ ತಂಗಿಯ ಮಗನು ಉದ್ಯೋಗನಿಮಿತ್ತ ಸಕುಟುಂಬನಾಗಿ ಬೆಂಗಳೂರಿಗೆ ಹೊರಟಾಗ ಮನೆಯ ಸಾಮಾನೆಲ್ಲ ಲಾರಿಯನ್ನೇರಿತು. ಉಳಿದವು ಮೊಮ್ಮಗಳ ಗಾಜಿನ ತೊಟ್ಟಿಯಲ್ಲಿದ್ದ ಐದು ಚಿನ್ನದ ಮೀನುಗಳು. ಬೆಳಗಾವಿಯ ಸಾಂಬ್ರಾ ನಿಲ್ದಾಣದವರೆಗೆ ಅವುಗಳಿಗೆ ಕಾವಲಾಗುವ ಹೊಣೆ ನಮ್ಮ ಪಾಲಿಗೆ ಬಂದಿತು.

ಹಿಂದೊಮ್ಮೆ ನಾವೇ ಇಂತಹ ಮೀನುಗಳನ್ನು ಕೊಡದ ತುಂಬ ನೀರಿನಲ್ಲಿ, ಹೊಟ್ಟೆ ತುಂಬ ಆಹಾರವಿಕ್ಕಿ ಒಯ್ದಿದ್ದೆವು. ಊರು ಮುಟ್ಟುವಷ್ಟರಲ್ಲಿ ಒಂದೂ ಬದುಕಿರಲಿಲ್ಲ. ನಮ್ಮ ಪ್ರೀತಿಯೇ ಅವುಗಳನ್ನು ಕೊಂದಿತ್ತು. ತಿಂದ ಮೀನು ನೀರಿನಲ್ಲಿ ಅಮೋನಿಯಾ ಎಂಬ ವಿಷವನ್ನು ವಿಸರ್ಜಿಸುತ್ತದೆ. ಬಾಯಿ ಕಿರಿದಾದ ಕೊಡದ ನೀರಿಗೆ ಗಾಳಿಯ ಸ್ಪರ್ಶವೇ ಸಾಲದು.

ಈ ಸಲ ಹೊರಡುವ ಹಿಂದಿನ ದಿನವೇ ಆಹಾರ ನಿಲ್ಲಿಸಿದೆವು. ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಪಡೆದಿದ್ದೆವು. ಜೀವಂತ ಪ್ರಾಣಿಗಳ ಸಾಗಾಟದ ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾಗಿರುತ್ತವೆ. ಮೀನಿನ ಅಂಗಡಿಯ ಯುವಕನು ಜೋಡಿ ಪ್ಲಾಸ್ಟಿಕ್ ಚೀಲದಲ್ಲಿ ಮೂರರಲ್ಲೊಂದು ಪಾಲು ನೀರು, ಉಳಿದ ಎರಡು ಪಾಲು ಆಮ್ಲಜನಕ ತುಂಬಿ ಬಾಯಿ ಬಿಗಿದನು. ಆಗಸದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ತಗ್ಗಿ ಚೀಲ ಉಬ್ಬುವುದರಿಂದ ಅದನ್ನು ತೀರ ಬಿರುಸಾಗಿ ತುಂಬಲಿಲ್ಲ. ಥರ್ಮಾಕೋಲ್ ಪೆಟ್ಟಿಗೆಯ ಕತ್ತಲೆ ಮೀನನ್ನು ಶಾಂತವಾಗಿಡುತ್ತದೆ, ಬಿಸಿಲಿನ ತಾಪವನ್ನೂ ತಡೆಯುತ್ತದೆ.

ಕಾಗವಾಡದಲ್ಲಿ ಬಂಧುಗಳನ್ನು ಕಂಡು, ಉಗಾರದ ಕಬ್ಬಿನ ಹೊಲಗಳನ್ನು ಹಾದು ಕುಡಚಿಯ ಬಳಿ ಕೃಷ್ಣೆಯನ್ನು ತಲುಪಿದೆವು. ಜೊತೆಗಿದ್ದ ಹಿರಿಯರೊಬ್ಬರು, "ಇಷ್ಟು ತೊಂದರೆ ಯಾಕ? ಹೊಳ್ಯಾಗ ಬಿಟ್ಟಬಿಡ್ರಿ, ಪುಣ್ಯ ಬರತೈತಿ" ಎಂದರು. ಮಗುವು ಪೆಟ್ಟಿಗೆಯನ್ನು ಅಪ್ಪಿಕೊಂಡು, "ಅಜ್ಜಾ, ಇವು ಬದುಕತಾವಿಲ್ಲೋ?" ಎಂದು ಕೇಳಿತು.

ಅದು ಪುಣ್ಯವಲ್ಲವೆಂದು ನಾವು ತಿಳಿಸಿದೆವು. ತೊಟ್ಟಿಯಲ್ಲಿ ಬೆಳೆದ ಮೀನು ಹೊಳೆಯಲ್ಲಿ ಬೇಗನೆ ಬೇಟೆಗೆ ಬಲಿಯಾಗಬಹುದು. ಬದುಕಿ ಬೆಳೆದರೆ ಪರದೇಶದ ತಳಿ, ರೋಗ ಎರಡನ್ನೂ ಹೊಳೆಯ ಮೂಲನಿವಾಸಿ ಮೀನುಗಳಿಗೆ ತಗುಲಿಸೀತು. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಈ ದಡದ ಊರುಗಳಿಗೇ ನೀರು ನುಗ್ಗಿದ್ದನ್ನು ಕಂಡವರು ನಾವು. ಒಂದು ಕಡೆ ಬಿಟ್ಟದ್ದು ಒಂದೇ ಕಡೆ ನಿಲ್ಲುವುದಿಲ್ಲ.

ರಾಯಬಾಗ, ಚಿಕ್ಕೋಡಿಗಳನ್ನು ದಾಟಿ ಸಂಕೇಶ್ವರದಲ್ಲಿ ಹೆದ್ದಾರಿ ಹಿಡಿದೆವು. ನಿಪ್ಪಾಣಿಯವರಿಗಾದರೆ ಕೊಲ್ಲಾಪುರದ ನಿಲ್ದಾಣವೇ ಹತ್ತಿರ. ನಡುವೆ ಪೆಟ್ಟಿಗೆಯನ್ನು ತೆರೆದು ನೋಡುವ ಆಸೆಯನ್ನು ಮಗುವಿಗಿಂತ ನಾವೇ ಹೆಚ್ಚು ಕಷ್ಟದಿಂದ ತಡೆದೆವು.

ಸಾಂಬ್ರಾದಲ್ಲಿ ಬೀಳ್ಕೊಡುವಾಗ ತಾಯಿಗೆ ಮೂರು ಮಾತು ಹೇಳಿದೆವು. ಹೊಸ ತೊಟ್ಟಿಯ ನೀರು ಕ್ಲೋರಿನ್ ಕಳೆದುದಾಗಿರಲಿ. ಹಳೆಯ ಶೋಧಕದ ಸ್ಪಂಜನ್ನು ಒದ್ದೆಯಾಗಿಯೇ ಒಯ್ಯಿರಿ, ವಿಷವನ್ನು ಅರಗಿಸುವ ಸೂಕ್ಷ್ಮಜೀವಿಗಳು ಅದರಲ್ಲಿವೆ. ಕಟ್ಟಿದ ಚೀಲವನ್ನೇ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು ಶಾಖ ಸಮವಾಗಿಸಿರಿ. ಬಾಯಿ ಬಿಚ್ಚಿದ ಮೇಲೆ ತಡಮಾಡದೆ ಮೀನನ್ನಷ್ಟೇ ಬಲೆಯಿಂದ ಎತ್ತಿ ಬಿಡಿರಿ. ಚೀಲದ ನೀರನ್ನು ಸುರಿಯಬೇಡಿರಿ.

ರಾತ್ರಿ ದೂರವಾಣಿಯಲ್ಲಿ ಮಗುವಿನ ಧ್ವನಿ ಕೇಳಿಬಂದಿತು: "ಅಜ್ಜಾ, ಐದೂ ಈಜಾಕತ್ತಾವ!" ಜೀವವೊಂದನ್ನು ಮನೆಗೆ ತಂದವರು ಅದನ್ನು ಹೊಳೆಗೆ ಎಸೆದು ಹೊಣೆ ಕಳೆದುಕೊಳ್ಳಲಾಗದು. ಅದರ ಉಸಿರಿನ ಲೆಕ್ಕವನ್ನು ದಾರಿಯುದ್ದಕ್ಕೂ ಇಡುವುದೇ ನಿಜವಾದ ಸಾಕುವಿಕೆ.