ಎದೆಯಲ್ಲಿ ನಿಂತ ತುತ್ತು

ಆ ಭಾನುವಾರ ಪರಮಪ್ರಸಾದ ಸ್ವೀಕರಿಸಿದವರು ತಮ್ಮ ಜಾಗಕ್ಕೆ ಮರಳದೆ, ಬಾಯಿಗೆ ಟವೆಲ್ ಒತ್ತಿಕೊಂಡು ಹೊರಗೆ ನಡೆದುಬಿಟ್ಟರು. ಪೂಜೆಯ ನಂತರ ವಿಚಾರಿಸಿದೆ. "ಎರಡು ತಿಂಗಳಾಯ್ತು ಸ್ವಾಮಿ, ಅನ್ನ ಎದೇಲೇ ನಿಲ್ಲುತ್ತೆ. ಗ್ಯಾಸ್ ಅಂದ್ಕೊಂಡಿದ್ದೆ." ಚಾಮರಾಜನಗರದ ಕಡೆಯ ಈ ಅಣ್ಣ ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ಕಟಿಂಗ್ ಮಾಸ್ಟರ್. ಹಬ್ಬಕ್ಕೆಂದು ಊರಿಗೆ ಬಂದಿದ್ದರು.

ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಅವರನ್ನು ಕೊಯಮತ್ತೂರಿಗೆ ಕರೆದೊಯ್ದೆ. ಎಂಡೋಸ್ಕೋಪಿ, ಬಯಾಪ್ಸಿ ಆಯಿತು. ಅನ್ನನಾಳದ ಕ್ಯಾನ್ಸರ್, ಸ್ಕ್ವೇಮಸ್ ಜಾತಿಯದು. ಸ್ಕ್ಯಾನಿನಲ್ಲಿ ದೂರದ ಅಂಗಗಳಿಗೆ ಹರಡಿರಲಿಲ್ಲ.

"ಹಾಗಾದರೆ ಬೇಗ ಆಪರೇಷನ್ ಮಾಡಿ" ಎಂದವನು ನಾನೇ. ವೈದ್ಯರು ತಲೆಯಾಡಿಸಿದರು: ಮೊದಲು ಕೀಮೊ ಮತ್ತು ವಿಕಿರಣ, ಶಸ್ತ್ರಕ್ರಿಯೆ ಆಮೇಲೆ. ಅವರ ತಮಿಳನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಕ್ಕ ಅತ್ತುಬಿಟ್ಟರು. "ಅಷ್ಟು ದಿನ ಅದನ್ನ ಒಳಗೇ ಇಟ್ಕೊಂಡಿರೋದಾ?" ದುಡ್ಡು ಕೀಳುವ ಉಪಾಯವೆಂದು ನೆಂಟರೊಬ್ಬರು ಫೋನಿನಲ್ಲಿ ಹೇಳಿದರು. ನನಗೂ ಒಳಗೊಳಗೇ ಹಾಗನ್ನಿಸಿತ್ತು.

ವೈದ್ಯರು ಬೇಸರಿಸದೆ ವಿವರಿಸಿದರು. ಬಹಳ ಆರಂಭದ ಗಡ್ಡೆಯನ್ನು ನೇರವಾಗಿ ತೆಗೆಯಬಹುದು. ಗೋಡೆಯೊಳಕ್ಕೆ ಬೇರೂರಿದ್ದರೆ ಮೊದಲು ಕುಗ್ಗಿಸಬೇಕು; ಆಗ ಪೂರ್ತಿಯಾಗಿ ತೆಗೆಯುವುದು ಸುಲಭ, ಕಣ್ಣಿಗೆ ಕಾಣದ ಕಣಗಳಿಗೂ ಮದ್ದು ತಲುಪುತ್ತದೆ. ನೆದರ್ಲೆಂಡ್ಸ್‌ನ ಕ್ರಾಸ್ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ನೇರ ಶಸ್ತ್ರಕ್ರಿಯೆಯಾದವರಲ್ಲಿ ಅರ್ಧದಷ್ಟು ಜನ 24 ತಿಂಗಳು ದಾಟಿದ್ದರೆ, ಮೊದಲು 5 ವಾರ ಕೀಮೊ ಮತ್ತು 23 ಸಲ ವಿಕಿರಣ ಪಡೆದವರಲ್ಲಿ ಅರ್ಧದಷ್ಟು ಜನ 49 ತಿಂಗಳು ದಾಟಿದ್ದರು. ಅಡಿನೊ ಎಂಬ ಇನ್ನೊಂದು ಜಾತಿಗೆ ಶಸ್ತ್ರಕ್ರಿಯೆಯ ಮುಂಚೆ ಮತ್ತು ನಂತರ ಕೊಡುವ ಫ್ಲಾಟ್ ಎಂಬ ಕೀಮೊ ಹೆಚ್ಚು ಫಲಕಾರಿಯೆಂದು ಜರ್ಮನಿಯ ಅಧ್ಯಯನವೊಂದು ಈಚೆಗೆ ತೋರಿಸಿದೆ. ಆದ್ದರಿಂದ ಪ್ರಿಯ ಓದುಗರೇ, ಬಯಾಪ್ಸಿಯಲ್ಲಿ ಯಾವ ಜಾತಿ ಬಂತೆಂದು ಮರೆಯದೆ ಕೇಳಿ.

ಆ ಐದು ವಾರ ಸುಲಭವಾಗಿರಲಿಲ್ಲ. ಬೀಡಿ ಬಿಡಬೇಕಾಯಿತು. ಮೂಗಿನ ನಳಿಕೆಯಲ್ಲಿ ಗಂಜಿ, ಹಾಲು. ತೂಕ ಇಳಿದರೆ ಮುಂದಿನ ಶಸ್ತ್ರಕ್ರಿಯೆಯನ್ನು ದೇಹ ತಾಳದು. ರೊಟ್ಟಿ ನುಂಗಲಾಗದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದ ಕೊಡಲು ಧರ್ಮಸಭೆಯ ನಿಯಮದಲ್ಲಿ ಅವಕಾಶವಿದೆ. ಇದು ನಮ್ಮ ಅನೇಕ ಕುಟುಂಬಗಳಿಗೆ ತಿಳಿದಿಲ್ಲ. ಅವರಿಗೆ ಚಮಚದಲ್ಲಿ ಎರಡು ಹನಿ ಕೊಡುತ್ತಿದ್ದೆ.

ನಿಜವಾದ ಕಷ್ಟ ಬಂದದ್ದು ಗುಣ ಕಂಡಾಗ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇಡ್ಲಿ ಇಳಿಯತೊಡಗಿತು. "ವಾಸಿಯಾಯ್ತಲ್ಲ ಸ್ವಾಮಿ, ಇನ್ಯಾಕೆ ಕೊಯ್ಸೋದು?" ಎಂದು ತಿರುಪ್ಪೂರಿಗೆ ಕೆಲಸಕ್ಕೆ ಹೊರಟೇಬಿಟ್ಟರು. ಅವರ ಪ್ರಶ್ನೆ ಹುರುಳಿಲ್ಲದ್ದಲ್ಲ. ಕ್ರಾಸ್ ಅಧ್ಯಯನದಲ್ಲೇ ಸ್ಕ್ವೇಮಸ್ ಜಾತಿಯವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ತೆಗೆದ ಭಾಗದಲ್ಲಿ ಕ್ಯಾನ್ಸರ್ ಉಳಿದಿರಲಿಲ್ಲ. ಆದರೆ ಆ ಅರ್ಧದಲ್ಲಿ ತಾವಿದ್ದೀರೆಂದು ಮೊದಲೇ ಖಚಿತವಾಗಿ ಹೇಳಲಾಗದು ಎಂದರು ವೈದ್ಯರು. ಪದೇ ಪದೇ ಎಂಡೋಸ್ಕೋಪಿ ಮಾಡಿಸುತ್ತ ಕಾದುನೋಡುವ ಕ್ರಮವೂ ಉಂಟು. ಶಿಫ್ಟ್ ಬಿಟ್ಟು ಅಷ್ಟು ಸಲ ಬರುತ್ತೀರಾ ಎಂದು ಕೇಳಿದರು. ಅಣ್ಣ ಉತ್ತರಿಸಲಿಲ್ಲ. ಮತ್ತೆ ಮಾಡಿಸಿದ ಎಂಡೋಸ್ಕೋಪಿಯಲ್ಲಿ ಸಣ್ಣದೊಂದು ತುಣುಕು ಉಳಿದಿತ್ತು.

ಶಸ್ತ್ರಕ್ರಿಯೆಯ ಭಯಕ್ಕೆ ಒಂದು ಮಾತು ನೆರವಾಯಿತು. ರೋಗಿಯನ್ನು ಬೋರಲಾಗಿ ಮಲಗಿಸಿ ಸಣ್ಣ ರಂಧ್ರಗಳ ಮೂಲಕ ಅನ್ನನಾಳ ಬಿಡಿಸುವ ವಿಧಾನದಲ್ಲಿ 130 ರೋಗಿಗಳ ಅನುಭವವನ್ನು 2006ರಲ್ಲೇ ಪ್ರಕಟಿಸಿದವರು ಇದೇ ಕೊಯಮತ್ತೂರಿನ ಡಾ. ಸಿ. ಪಳನಿವೇಲು ಮತ್ತು ಸಂಗಡಿಗರು. "ನಮ್ಮ ಪಕ್ಕದ ಊರೋರೇನಾ!" ಎಂದರು ಅಣ್ಣ.

ಹಿಂದಿನ ಸಂಜೆ ವ್ಯಾಧಿಸ್ಥರ ಅಭ್ಯಂಗ ಕೊಡಲು ಹೋದಾಗ ಹಾಸಿಗೆಯ ಮೇಲೆ ಕುಳಿತು ಶ್ವಾಸದ ವ್ಯಾಯಾಮ ಮಾಡುತ್ತಿದ್ದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ಗುಂಡುಗಳು. ಎರಡು ಮೇಲೇರಿದವು. "ತಡೀರಿ ಸ್ವಾಮಿ, ಇನ್ನೊಂದಿದೆ" ಎಂದು ಕೈ ತೋರಿಸಿ ಮತ್ತೆ ಉಸಿರೆಳೆದರು.